ಪ್ರೋಟೀನಿನ ಆಯುಸ್ಸು ಮತ್ತು ಕರುಳಿನ ಕ್ಯಾನ್ಸರ್

ಬೆಂಗಳೂರಿನ ಉತ್ತರ ಭಾಗದ ಕೆರೆಗಳು ಒಂದರ ಕೆಳಗೊಂದು ಸಾಲಾಗಿ ಹೆಣೆದುಕೊಂಡಿವೆಯೆಂಬುದು ಆ ಕಡೆಯ ಓದುಗರಿಗೆ ತಿಳಿದ ವಿಷಯ. ಯಲಹಂಕದ ಕೆರೆಯಲ್ಲಿ ಹೆಚ್ಚಾದ ನೀರು ಕಾಲುವೆಗಳ ಮೂಲಕ ಜಕ್ಕೂರು ಕೆರೆಯ ಕಡೆಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ರಾಚೇನಹಳ್ಳಿಯ ಕೆರೆಗೆ ಹರಿಯುತ್ತದೆ. ಇಂಥ ಕೆರೆಯೊಂದರಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲುವುದೆಂಬುದನ್ನು ಮಳೆಯೊಂದೇ ನಿರ್ಧರಿಸುವುದಿಲ್ಲ. ಒಳಗೆ ಬರುವ ನೀರೆಷ್ಟು, ತೂಬಿನಿಂದಲೂ ಕೋಡಿಯಿಂದಲೂ ಹೊರಗೆ ಹೋಗುವ ನೀರೆಷ್ಟು ಎಂಬ ಎರಡು ಲೆಕ್ಕಗಳೂ ಬೇಕು. ಮಳೆ ಎಂದಿನಷ್ಟೇ ಬಿದ್ದರೂ, ಹೊರದಾರಿ ಕಟ್ಟಿಕೊಂಡಿತೆಂದರೆ ನೀರು ಏರಿಯನ್ನು ಮೀರುತ್ತದೆ.

ನಮ್ಮ ದೇಹದ ಜೀವಕೋಶಗಳಲ್ಲಿಯೂ ಇಂಥದೇ ಲೆಕ್ಕವೊಂದು ನಡೆಯುತ್ತಿರುತ್ತದೆ. ಅಲ್ಲಿ ನೀರಿನ ಬದಲು ಪ್ರೋಟೀನುಗಳು. ಕ್ಯಾನ್ಸರ್ ಎಂದೊಡನೆ ‘ಜೀವಕೋಶಗಳು ಅತಿಯಾಗಿ ಬೆಳೆಯುತ್ತವೆ, ಏನನ್ನೋ ಅತಿಯಾಗಿ ತಯಾರಿಸುತ್ತವೆ’ ಎಂದು ನಾವು ಭಾವಿಸುವುದು ಸಹಜ. ಆದರೆ ದೊಡ್ಡ ಕರುಳು ಮತ್ತು ಗುದನಾಳಗಳ ಕ್ಯಾನ್ಸರನ್ನು ಕುರಿತು ಕಳೆದ ಮೂರು ದಶಕಗಳಲ್ಲಿ ತಿಳಿದುಬಂದಿರುವ ಮುಖ್ಯ ಸಂಗತಿ ಬೇರೆಯೇ ಆಗಿದೆ. ಅಲ್ಲಿ ಅನೇಕವೇಳೆ ಕೆಡುವುದು ತಯಾರಿಕೆಯಲ್ಲ, ವಿಲೇವಾರಿ. ಮಳೆ ಹೆಚ್ಚಿರುವುದಿಲ್ಲ, ತೂಬು ಕಟ್ಟಿರುತ್ತದೆ. ಆ ತೂಬನ್ನು ಕಾಯುವ ನೀರುಗಂಟಿಗಳು ಯಾರು, ಅವರು ತಪ್ಪಿದರೆ ಏನಾಗುತ್ತದೆ, ಅದನ್ನು ಸರಿಪಡಿಸಬಹುದೇ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ವಿಷಯ ಅಲ್ಪವಾದುದಲ್ಲ. 2022ರಲ್ಲಿ ಜಗತ್ತಿನಲ್ಲಿ ಸುಮಾರು 19 ಲಕ್ಷ ಜನರಲ್ಲಿ ಈ ರೋಗ ಹೊಸದಾಗಿ ಕಂಡುಬಂದಿತೆಂದೂ, ಸುಮಾರು 9 ಲಕ್ಷ ಜನರು ಇದರಿಂದ ಮಡಿದರೆಂದೂ ಅಂತರರಾಷ್ಟ್ರೀಯ ಅಂದಾಜುಗಳು ತಿಳಿಸುತ್ತವೆ. ನಮ್ಮ ದೇಶದಲ್ಲಿ ಇದರ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ಆದರೆ ಇಲ್ಲಿ ತರುಣ ವಯಸ್ಸಿನ ರೋಗಿಗಳು ಅಪರೂಪವಲ್ಲ. ಆದುದರಿಂದ ವಿದ್ಯಾರ್ಥಿಗಳು ಇದನ್ನು ವೃದ್ಧರ ರೋಗವೆಂದು ಬದಿಗಿಡುವಂತಿಲ್ಲ.

ಹುಟ್ಟು ಮತ್ತು ಅಳಿವು

ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಸಣ್ಣ ಅಣುಗಳನ್ನು ಮಣಿಸರದಂತೆ ಪೋಣಿಸಿ, ಆ ಸರವನ್ನು ಒಂದು ನಿಶ್ಚಿತ ಆಕಾರಕ್ಕೆ ಮಡಿಸಿದ ದೊಡ್ಡ ಅಣು. ಜೀವಕೋಶದ ಕೆಲಸಗಳಲ್ಲಿ ಬಹುಪಾಲನ್ನು ನಡೆಸುವವು ಇವೇ. ಒಮ್ಮೆ ತಯಾರಾದ ಪ್ರೋಟೀನು ಕೋಶ ಇರುವವರೆಗೂ ಹಾಗೆಯೇ ಇದ್ದುಬಿಡುತ್ತದೆಂದು ಹಿಂದೆ ಅನೇಕರು ನಂಬಿದ್ದರು. 1930ರ ದಶಕದ ಕೊನೆಯಲ್ಲಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ರುಡಾಲ್ಫ್ ಶೋನ್‌ಹೈಮರ್ ಎಂಬ ವಿಜ್ಞಾನಿ ಈ ನಂಬಿಕೆಯನ್ನು ಅಲುಗಿಸಿದನು. ಆತನು ಸಾಮಾನ್ಯ ನೈಟ್ರೋಜನ್ನಿನ ಬದಲು ನೈಟ್ರೋಜನ್-15 ಎಂಬ ತುಸು ಭಾರವಾದ ಐಸೋಟೋಪನ್ನು ಸೇರಿಸಿದ ಅಮೈನೋ ಆಮ್ಲಗಳನ್ನು ಇಲಿಗಳಿಗೆ ತಿನ್ನಿಸಿದನು. ಬೆಳವಣಿಗೆ ಮುಗಿದ ಇಲಿಗಳಲ್ಲಿಯೂ ಆ ಭಾರವಾದ ನೈಟ್ರೋಜನ್ ಬಹುಬೇಗ ದೇಹದ ಪ್ರೋಟೀನುಗಳಲ್ಲಿ ಸೇರಿಕೊಂಡುದು ಕಂಡುಬಂದಿತು. ತೂಕ ಹೆಚ್ಚದೆ ಹೊಸದು ಸೇರಬೇಕಾದರೆ ಹಳೆಯದು ಹೋಗುತ್ತಿರಲೇಬೇಕಷ್ಟೆ. ಹೊರಗಿನಿಂದ ನಿಶ್ಚಲವಾಗಿ ಕಾಣುವ ದೇಹ ಒಳಗೆ ಸದಾ ಕಟ್ಟುತ್ತ ಕೆಡವುತ್ತ ಇರುವುದೆಂದು ಹೀಗೆ ಸಿದ್ಧವಾಯಿತು.

ಭೌತವಿಜ್ಞಾನವನ್ನು ಓದಿದವರಿಗೆ ಇದರ ಗಣಿತ ಹೊಸದಲ್ಲ. ವಿಕಿರಣಶೀಲ ಪರಮಾಣುಗಳು ಒಂದು ನಿಶ್ಚಿತ ದರದಲ್ಲಿ ಹುಟ್ಟುತ್ತಲೂ ಅಳಿಯುತ್ತಲೂ ಇದ್ದರೆ ಕೆಲವು ಕಾಲದ ಮೇಲೆ ಅವುಗಳ ಸಂಖ್ಯೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟವು ಹುಟ್ಟಿನ ದರವನ್ನು ಸರಾಸರಿ ಆಯುಸ್ಸಿನಿಂದ ಗುಣಿಸಿದಷ್ಟು. ನಮಗೆ ಪರಿಚಿತವಾದ ಅರ್ಧಾಯುವು ಈ ಸರಾಸರಿ ಆಯುಸ್ಸಿನ 0.693ರಷ್ಟು. ಪ್ರೋಟೀನಿಗೂ ಇದೇ ಸೂತ್ರವನ್ನು ಹಚ್ಚಬಹುದು. ಒಂದು ಕೋಶವು ಯಾವುದೋ ಪ್ರೋಟೀನಿನ 100 ಅಣುಗಳನ್ನು ಪ್ರತಿ ನಿಮಿಷವೂ ತಯಾರಿಸುತ್ತದೆಂದೂ, ಒಂದೊಂದು ಅಣುವಿನ ಸರಾಸರಿ ಆಯುಸ್ಸು ಒಂದು ಗಂಟೆಯೆಂದೂ ಇಟ್ಟುಕೊಳ್ಳೋಣ. ಆಗ ಕೋಶದಲ್ಲಿ ನಿಲ್ಲುವ ಅಣುಗಳು 100 × 60, ಎಂದರೆ 6,000. ತಯಾರಿಕೆಯನ್ನು ಒಂದು ಅಣುವಿನಷ್ಟೂ ಹೆಚ್ಚಿಸದೆ ಆಯುಸ್ಸನ್ನು ಮಾತ್ರ ಹತ್ತು ಗಂಟೆಗೆ ಏರಿಸಿದರೆ ಅದೇ ಸಂಖ್ಯೆ 60,000 ಆಗುತ್ತದೆ. ಹತ್ತುಪಟ್ಟು ಹೆಚ್ಚಳಕ್ಕೆ ತಯಾರಿಕೆಯ ಕಡೆಯಲ್ಲಿ ಯಾವ ಕಾರಣವೂ ಇಲ್ಲ.

ಆದರೆ ಪರಮಾಣುವಿಗೂ ಪ್ರೋಟೀನಿಗೂ ಒಂದು ದೊಡ್ಡ ವ್ಯತ್ಯಾಸ ಉಂಟು. ರೇಡಿಯಂ ಪರಮಾಣುವಿನ ಆಯುಸ್ಸನ್ನು ಕಾಯಿಸಿಯೂ ತಣಿಸಿಯೂ ಬದಲಿಸಲಾರೆವು. ಪ್ರೋಟೀನಿನ ಆಯುಸ್ಸನ್ನಾದರೋ ಜೀವಕೋಶವು ತನಗೆ ಬೇಕಾದಂತೆ ಹಿಗ್ಗಿಸಬಲ್ಲದು, ಕುಗ್ಗಿಸಬಲ್ಲದು. ಕೆಲವು ಪ್ರೋಟೀನುಗಳು ಕೆಲವೇ ನಿಮಿಷ ಬಾಳುತ್ತವೆ. ಕಣ್ಣಿನ ಮಸೂರದ ಪ್ರೋಟೀನುಗಳು ಮನುಷ್ಯನ ಜೀವಮಾನವಿಡೀ ಉಳಿಯುತ್ತವೆ.

ಕಷ್ಟಪಟ್ಟು ತಯಾರಿಸಿದ ಅಣುವನ್ನು ಒಂದು ಗಂಟೆಯೊಳಗೆ ಕೆಡವಿಹಾಕುವುದು ದುಂದುವೆಚ್ಚವಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ವೆಚ್ಚವೇನೋ ನಿಜ, ಅದರಿಂದ ಬರುವ ಲಾಭ ಶೀಘ್ರತೆ. ನೀರು ನಿಧಾನವಾಗಿ ಹರಿದುಹೋಗುವ ಕೆರೆಯಲ್ಲಿ ಮಟ್ಟವನ್ನು ಇಳಿಸಲು ತಿಂಗಳುಗಳು ಬೇಕು. ವೇಗವಾಗಿ ಬಂದು ವೇಗವಾಗಿ ಹೋಗುವ ತೊಟ್ಟಿಯಲ್ಲಿ ನಲ್ಲಿಯನ್ನು ತಿರುಗಿಸಿದೊಡನೆ ಮಟ್ಟ ಬದಲಾಗುತ್ತದೆ. ‘ಈಗ ಇಬ್ಭಾಗವಾಗು’, ‘ಈಗ ನಿಲ್ಲು’ ಎಂದು ಕೋಶಕ್ಕೆ ಆಜ್ಞೆಮಾಡುವ ಪ್ರೋಟೀನುಗಳೆಲ್ಲ ಹೆಚ್ಚಾಗಿ ಅಲ್ಪಾಯುಗಳಾಗಿರುವುದು ಈ ಕಾರಣದಿಂದಲೇ. ಆಜ್ಞೆಯ ಕಾಲ ಮುಗಿದ ಮೇಲೂ ಆಜ್ಞೆ ಉಳಿದರೆ ಅನರ್ಥ.

ಮುದ್ರೆಯೊತ್ತುವ ಕಿಣ್ವಗಳು

ಕೆಡವಬೇಕಾದ ಪ್ರೋಟೀನನ್ನು ಸಾವಿರಾರು ಬಗೆಯ ಪ್ರೋಟೀನುಗಳ ಗುಂಪಿನಲ್ಲಿ ಗುರುತಿಸುವುದು ಹೇಗೆ? ಅರಣ್ಯ ಇಲಾಖೆಯವರು ಕಡಿಯಬೇಕಾದ ಮರಕ್ಕೆ ಮುದ್ರೆ ಹಾಕುವುದನ್ನು ಮಲೆನಾಡಿನ ಓದುಗರು ನೋಡಿರಬಹುದು. ಕೊಡಲಿಯವನು ಮರದ ಜಾತಿಯನ್ನು ವಿಚಾರಿಸುವುದಿಲ್ಲ. ಮುದ್ರೆಯನ್ನು ನೋಡಿ ಕಡಿಯುತ್ತಾನೆ. ಜೀವಕೋಶವೂ ಇದೇ ಕ್ರಮವನ್ನು ಅನುಸರಿಸುತ್ತದೆ. ಅಲ್ಲಿಯ ಮುದ್ರೆಯ ಹೆಸರು ಯುಬಿಕ್ವಿಟಿನ್. ಇದೂ ಒಂದು ಪ್ರೋಟೀನೇ, ಆದರೆ ಬಹಳ ಚಿಕ್ಕದು. ಇದರಲ್ಲಿ ಕೇವಲ 76 ಅಮೈನೋ ಆಮ್ಲಗಳಿವೆ. ಯೀಸ್ಟಿನಿಂದ ಮನುಷ್ಯನವರೆಗೆ ಇದು ಹೆಚ್ಚುಕಡಿಮೆ ಒಂದೇ ರೂಪದಲ್ಲಿದೆ. ‘ಸರ್ವತ್ರ ಇರುವುದು’ ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಈ ಹೆಸರು ಬಂದಿತು.

ಈ ಶೋಧದ ಹಿಂದೆ ಒಂದು ಒಗಟಿತ್ತು. ಪ್ರೋಟೀನನ್ನು ಒಡೆದರೆ ಶಕ್ತಿ ಬಿಡುಗಡೆಯಾಗಬೇಕೇ ಹೊರತು ಶಕ್ತಿ ಬೇಕಾಗಬಾರದು. ಜಠರದಲ್ಲಿ ಆಹಾರದ ಪ್ರೋಟೀನು ಜೀರ್ಣವಾಗುವುದು ಹಾಗೆಯೇ. ಆದರೆ ಜೀವಕೋಶದೊಳಗೆ ಪ್ರೋಟೀನು ಒಡೆಯಬೇಕಾದರೆ ಶಕ್ತಿ ವ್ಯಯವಾಗುತ್ತದೆಂದು 1953ರಲ್ಲಿಯೇ ಕಂಡುಬಂದಿತ್ತು. ಗೋಡೆ ಕೆಡವಲು ಇಷ್ಟೊಂದು ಖರ್ಚೇಕೆ? ಇಸ್ರೇಲಿನ ಹೈಫಾ ನಗರದ ಅವ್ರಾಮ್ ಹೆರ್ಷ್ಕೊ ಮತ್ತು ಆರನ್ ಚೀಖನೋವರ್, ಅಮೆರಿಕದ ಅರ್ವಿನ್ ರೋಸ್ ಇವರು 1970ರ ದಶಕದ ಕೊನೆಯಿಂದ ನಡೆಸಿದ ಪ್ರಯೋಗಗಳು ಉತ್ತರ ಕೊಟ್ಟವು. ಖರ್ಚಾಗುತ್ತಿದ್ದುದು ಮುಖ್ಯವಾಗಿ ಕೆಡವುವುದಕ್ಕಲ್ಲ. ಯಾವುದನ್ನು ಕೆಡವಬೇಕೆಂದು ಆರಿಸಿ ಮುದ್ರೆಯೊತ್ತುವುದಕ್ಕೆ, ಮತ್ತು ಮುದ್ರೆಬಿದ್ದುದನ್ನು ಬಿಚ್ಚಿ ಯಂತ್ರದೊಳಕ್ಕೆ ತೂರಿಸುವುದಕ್ಕೆ. ಈ ಮೂವರಿಗೂ 2004ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಹುಮಾನ ಬಂದಿತು.

ಮುದ್ರೆಯೊತ್ತುವ ಕೆಲಸದಲ್ಲಿ ಮೂರು ಬಗೆಯ ಕಿಣ್ವಗಳು ಸರದಿಯಂತೆ ಭಾಗವಹಿಸುತ್ತವೆ. ಇವುಗಳನ್ನು ಇ-1, ಇ-2, ಇ-3 ಎಂದು ಕರೆಯುವುದು ವಾಡಿಕೆ. ಇ-1 ಎಂಬುದು ಎ.ಟಿ.ಪಿ. ಎಂಬ ಇಂಧನವನ್ನು ಖರ್ಚುಮಾಡಿ ಯುಬಿಕ್ವಿಟಿನ್ನನ್ನು ಸಜ್ಜುಗೊಳಿಸುತ್ತದೆ. ಇ-2 ಅದನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಇ-3ರದು ಆಯ್ಕೆಯ ಕೆಲಸ. ಅದು ಒಂದು ಕಡೆ ಇ-2ನ್ನೂ ಮತ್ತೊಂದು ಕಡೆ ಕೆಡವಬೇಕಾದ ಪ್ರೋಟೀನನ್ನೂ ಹಿಡಿದು, ಮುದ್ರೆಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಮನುಷ್ಯನಲ್ಲಿ ಇ-1 ಬಗೆಗಳು ಎರಡೇ. ಇ-2 ಬಗೆಗಳು ಸುಮಾರು 40. ಇ-3 ಬಗೆಗಳಾದರೋ 600ಕ್ಕೂ ಹೆಚ್ಚು. ಒಂದೊಂದು ಇ-3 ಕಿಣ್ವಕ್ಕೂ ತನ್ನದೇ ಆದ ಕೆಲವು ಪ್ರೋಟೀನುಗಳು ಮಾತ್ರ ವಶ. ನಾವು ಮೇಲೆ ಹೇಳಿದ ನೀರುಗಂಟಿಗಳು ಇವೇ. ಇವಕ್ಕೆ ಎದುರಾಗಿ, ಬಿದ್ದ ಮುದ್ರೆಯನ್ನು ಅಳಿಸುವ ಸುಮಾರು ನೂರು ಕಿಣ್ವಗಳೂ ಇವೆ.

ಮುದ್ರೆಯ ಮೇಲೆ ಮುದ್ರೆ ಬಿದ್ದು ಯುಬಿಕ್ವಿಟಿನ್ನಿನ ಸರಪಳಿ ಬೆಳೆದಾಗ, ಪ್ರೋಟಿಯಸೋಮ್ ಎಂಬ ಯಂತ್ರವು ಆ ಪ್ರೋಟೀನನ್ನು ಹಿಡಿಯುತ್ತದೆ. ಈ ಯಂತ್ರದ ನಡುಭಾಗ ನಾಲ್ಕು ಉಂಗುರಗಳನ್ನು ಒಂದರ ಮೇಲೊಂದು ಪೇರಿಸಿದ ಪೀಪಾಯಿಯಂತಿದೆ. ಒಂದೊಂದು ಉಂಗುರದಲ್ಲಿ ಏಳೇಳು ಬಿಡಿಭಾಗಗಳು. ಕತ್ತರಿಸುವ ಅಲಗುಗಳೆಲ್ಲ ಪೀಪಾಯಿಯ ಒಳಗೋಡೆಯಲ್ಲಿರುವುದರಿಂದ ಹೊರಗಿನ ಪ್ರೋಟೀನುಗಳಿಗೆ ಅಪಾಯವಿಲ್ಲ. ಒಳಹೊಕ್ಕ ಪ್ರೋಟೀನು ಚೂರುಚೂರಾಗುತ್ತದೆ. ಯುಬಿಕ್ವಿಟಿನ್ ಮಾತ್ರ ಬಿಡಿಸಲ್ಪಟ್ಟು ಮತ್ತೆ ಕೆಲಸಕ್ಕೆ ಒದಗುತ್ತದೆ.

ಕರುಳಿನ ಒಳಪದರ

ಈಗ ಕರುಳಿಗೆ ಬರೋಣ. ದೊಡ್ಡ ಕರುಳಿನ ಒಳಪದರದಲ್ಲಿ ಬಾವಿಗಳಂತೆ ಕೆಳಗಿಳಿದ ಲಕ್ಷಾಂತರ ಸೂಕ್ಷ್ಮ ಕುಳಿಗಳಿವೆ. ಪ್ರತಿಯೊಂದು ಕುಳಿಯ ತಳದಲ್ಲಿ ಕೆಲವು ಆಕರ ಕೋಶಗಳು ಕುಳಿತು ಎಡೆಬಿಡದೆ ಇಬ್ಭಾಗವಾಗುತ್ತಿರುತ್ತವೆ. ಹುಟ್ಟಿದ ಕೋಶಗಳು ಮೇಲಕ್ಕೆ ಏರುತ್ತ, ಇಬ್ಭಾಗವಾಗುವುದನ್ನು ನಿಲ್ಲಿಸಿ, ನೀರು ಹೀರುವುದು, ಲೋಳೆ ಸ್ರವಿಸುವುದು ಮೊದಲಾದ ಕೆಲಸಗಳಿಗೆ ತೊಡಗಿ, ಕೊನೆಗೆ ಬಾಯಿಯ ಅಂಚಿನಲ್ಲಿ ಉದುರಿಹೋಗುತ್ತವೆ. ಒಂದು ವಾರದೊಳಗೆ ಈ ಪಯಣ ಮುಗಿಯುತ್ತದೆ. ಇಷ್ಟು ವೇಗವಾಗಿ ನವೀಕರಣಗೊಳ್ಳುವ ಅಂಗಾಂಶಗಳು ದೇಹದಲ್ಲಿ ಕೆಲವೇ.

ತಳದಲ್ಲಿ ‘ಬೆಳೆ’, ಮೇಲೆ ‘ನಿಲ್ಲು’ ಎಂಬ ಈ ವ್ಯವಸ್ಥೆಯನ್ನು ನಡೆಸುವ ಮುಖ್ಯ ಪ್ರೋಟೀನಿನ ಹೆಸರು ಬೀಟಾ-ಕೆಟೆನಿನ್. ಇದು ಕೋಶಕೇಂದ್ರದೊಳಕ್ಕೆ ಹೋಗಿ ಬೆಳವಣಿಗೆಯ ಜೀನುಗಳನ್ನು ಎಚ್ಚರಿಸುತ್ತದೆ. ತಳದ ಕೋಶಗಳಿಗೆ ನೆರೆಯವುಗಳಿಂದ ವಿಂಟ್ ಎಂಬ ಸಂಕೇತ ದೊರೆಯುತ್ತಿರುತ್ತದೆ. ಸಂಕೇತವಿರುವಲ್ಲಿ ಬೀಟಾ-ಕೆಟೆನಿನ್ ದೀರ್ಘಾಯು. ಸಂಕೇತವಿಲ್ಲದಲ್ಲಿ ಅದರ ಅರ್ಧಾಯು ಒಂದು ಗಂಟೆಗೂ ಕಡಿಮೆ. ತಯಾರಿಕೆ ಎರಡು ಕಡೆಯೂ ನಡೆದೇ ಇರುತ್ತದೆಂಬುದನ್ನು ಓದುಗರು ಗಮನಿಸಬೇಕು. ಕೋಶದ ಭವಿಷ್ಯವನ್ನು ನಿರ್ಣಯಿಸುವುದು ಇಲ್ಲಿ ಮುಖ್ಯವಾಗಿ ಆಯುಸ್ಸು.

ತೂಬು ಕಟ್ಟಿಕೊಳ್ಳುವ ಬಗೆ

ಬೀಟಾ-ಕೆಟೆನಿನ್ನಿಗೆ ಮುದ್ರೆಯೊತ್ತುವ ಇ-3 ಕಿಣ್ವದಲ್ಲಿ ಅದನ್ನು ಗುರುತಿಸುವ ಭಾಗಕ್ಕೆ ಬೀಟಾ-ಟಿ.ಆರ್.ಸಿ.ಪಿ. ಎಂದು ಹೆಸರು. ಆದರೆ ಈ ನೀರುಗಂಟಿ ತಾನಾಗಿ ತೂಬನ್ನು ತೆರೆಯುವುದಿಲ್ಲ. ಬೀಟಾ-ಕೆಟೆನಿನ್ನಿನ ಒಂದು ತುದಿಯಲ್ಲಿ ಫಾಸ್ಫೇಟ್ ಗುಂಪುಗಳು ಅಂಟಿಕೊಂಡ ಮೇಲೆಯೇ ಅದಕ್ಕೆ ಗುರುತು ಸಿಕ್ಕುತ್ತದೆ. ಆ ಫಾಸ್ಫೇಟುಗಳನ್ನು ಅಂಟಿಸಲು ಬೇರೆ ಎರಡು ಕಿಣ್ವಗಳಿವೆ. ಅವುಗಳನ್ನೂ ಬೀಟಾ-ಕೆಟೆನಿನ್ನನ್ನೂ ಒಂದೆಡೆ ಕೂಡಿಸುವ ಚೌಕಟ್ಟಿನಲ್ಲಿ ಆಕ್ಸಿನ್ ಮತ್ತು ಎ.ಪಿ.ಸಿ. ಎಂಬ ಎರಡು ಪ್ರೋಟೀನುಗಳು ಮುಖ್ಯವಾದವು. ವಿಂಟ್ ಸಂಕೇತ ಬಂದಾಗ ಈ ಚೌಕಟ್ಟಿನ ಕೆಲಸ ನಿಲ್ಲುತ್ತದೆ. ಹೋದಾಗ ಮತ್ತೆ ತೊಡಗುತ್ತದೆ.

5ನೆಯ ವರ್ಣತಂತುವಿನ ಮೇಲಿರುವ ಎ.ಪಿ.ಸಿ. ಜೀನನ್ನು ಅಮೆರಿಕ ಮತ್ತು ಜಪಾನಿನ ವಿಜ್ಞಾನಿಗಳು 1991ರಲ್ಲಿ ಗುರುತಿಸಿದರು. ಕೆಲವು ಮನೆತನಗಳಲ್ಲಿ ಹದಿಹರೆಯದಲ್ಲಿಯೇ ದೊಡ್ಡ ಕರುಳಿನಲ್ಲಿ ಪಾಲಿಪ್ ಎಂಬ ಗಂಟುಗಳು ನೂರಾರು, ಕೆಲವೊಮ್ಮೆ ಸಾವಿರಾರು ಸಂಖ್ಯೆಯಲ್ಲಿ ಏಳುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ನಡುವಯಸ್ಸಿನೊಳಗೆ ಅವುಗಳಲ್ಲಿ ಯಾವುದಾದರೊಂದು ಕ್ಯಾನ್ಸರಾಗುವುದು ಹೆಚ್ಚುಕಡಿಮೆ ನಿಶ್ಚಿತ. ಅಂಥ ಮನೆತನಗಳನ್ನು ಪರೀಕ್ಷಿಸುತ್ತಿದ್ದಾಗ ಈ ಜೀನು ಸಿಕ್ಕಿತು. ಅನಂತರ ನೋಡಿದರೆ, ಮನೆತನದ ಇತಿಹಾಸವೇ ಇಲ್ಲದ ಸಾಧಾರಣ ರೋಗಿಗಳ ಗಂತಿಗಳಲ್ಲಿಯೂ ನೂರಕ್ಕೆ ಸುಮಾರು 80ರಲ್ಲಿ ಇದೇ ಜೀನು ಕೆಟ್ಟಿರುವುದು ಕಂಡುಬಂದಿತು. ಕೆಟ್ಟ ಜೀನಿನಿಂದ ಮೊಟಕಾದ ಎ.ಪಿ.ಸಿ. ಹುಟ್ಟುತ್ತದೆ. ಚೌಕಟ್ಟು ಸಡಿಲವಾಗುತ್ತದೆ, ಫಾಸ್ಫೇಟು ಸರಿಯಾಗಿ ಅಂಟುವುದಿಲ್ಲ, ಮುದ್ರೆ ಬೀಳುವುದಿಲ್ಲ. ಸಂಕೇತವಿಲ್ಲದಿದ್ದರೂ ಬೀಟಾ-ಕೆಟೆನಿನ್ ತುಂಬಿಕೊಳ್ಳುತ್ತದೆ. ಮೇಲಕ್ಕೆ ಏರಿ ಉದುರಬೇಕಾಗಿದ್ದ ಕೋಶಗಳು ತಾವಿನ್ನೂ ಕುಳಿಯ ತಳದಲ್ಲಿಯೇ ಇರುವೆವೆಂಬಂತೆ ಇಬ್ಭಾಗವಾಗುತ್ತ ಹೋಗುತ್ತವೆ. ಪಾಲಿಪ್ ಹುಟ್ಟುವುದು ಹೀಗೆ.

ಎ.ಪಿ.ಸಿ. ನೆಟ್ಟಗಿರುವ ಕೆಲವು ಗಂತಿಗಳಲ್ಲಿ ಫಾಸ್ಫೇಟು ಅಂಟಬೇಕಾದ ಜಾಗದಲ್ಲಿಯೇ ಬೀಟಾ-ಕೆಟೆನಿನ್ನಿನ ಅಮೈನೋ ಆಮ್ಲ ಬದಲಾಗಿರುತ್ತದೆ. ಕಾರಣ ಬೇರೆ, ಪರಿಣಾಮ ಒಂದೇ. ಎರಡು ಬೇರೆ ದಾರಿಗಳು ಒಂದೇ ಕಡೆಗೆ ಬರುವುದರಿಂದಲೇ, ದೋಷ ಇರುವುದು ಆಯುಸ್ಸಿನ ನಿಯಂತ್ರಣದಲ್ಲಿ ಎಂಬ ನಿರ್ಣಯಕ್ಕೆ ಬಲ ಬಂದಿತು.

ಇನ್ನೂ ಕೆಲವು ನೀರುಗಂಟಿಗಳು

ವಿಂಟ್ ಸಂಕೇತವನ್ನು ಹಿಡಿಯಲು ಕೋಶದ ಹೊರಮೈಯಲ್ಲಿ ಫ್ರಿಜಲ್ಡ್ ಎಂಬ ಗ್ರಾಹಕ ಪ್ರೋಟೀನುಗಳಿವೆ. ಇವು ಹೆಚ್ಚಿದಷ್ಟೂ ಕೋಶ ಸಂಕೇತಕ್ಕೆ ಹೆಚ್ಚು ಮಣಿಯುತ್ತದೆ. ಆರ್.ಎನ್.ಎಫ್.-43 ಮತ್ತು ಝಡ್.ಎನ್.ಆರ್.ಎಫ್.-3 ಎಂಬ ಎರಡು ಇ-3 ಕಿಣ್ವಗಳು ಈ ಗ್ರಾಹಕಗಳಿಗೆ ಮುದ್ರೆಯೊತ್ತಿ ಹೊರಮೈಯಿಂದ ಒಳಕ್ಕೆ ಎಳೆಸಿ ನಾಶಮಾಡಿಸುತ್ತವೆಂದು 2012ರಲ್ಲಿ ತಿಳಿಯಿತು. ಕರುಳಿನ ಕ್ಯಾನ್ಸರಿನ ಗಂತಿಗಳಲ್ಲಿ ಐದರಲ್ಲಿ ಒಂದಕ್ಕೆ ಸಮೀಪದಷ್ಟು ಪ್ರಮಾಣದಲ್ಲಿ ಆರ್.ಎನ್.ಎಫ್.-43 ಜೀನು ಕೆಟ್ಟಿರುತ್ತದೆಂದು 2014ರಲ್ಲಿ ಪ್ರಕಟವಾಯಿತು. ಇಲ್ಲಿ ಕೆಟ್ಟುದು ಮೇಲಿನ ಕೆರೆಯ ತೂಬು ಎನ್ನಬಹುದು. ಈ ಭೇದ ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯ. ಆರ್.ಎನ್.ಎಫ್.-43 ಕೆಟ್ಟ ಕೋಶಕ್ಕೆ ವಿಂಟ್ ಸಂಕೇತ ಇನ್ನೂ ಬೇಕು. ಸಂಕೇತವನ್ನು ತಡೆಯುವ ಮದ್ದು ಅಲ್ಲಿ ಫಲಕೊಡಬಹುದು. ಎ.ಪಿ.ಸಿ. ಕೆಟ್ಟ ಕೋಶಕ್ಕೆ ಸಂಕೇತದ ಹಂಗೇ ಇಲ್ಲ. ಕೆಳಗಿನ ತೂಬು ಕಟ್ಟಿರುವಾಗ ಮೇಲಿನ ಕಾಲುವೆಗೆ ಮಣ್ಣುಹಾಕಿ ಪ್ರಯೋಜನವೇನು?

ಮತ್ತೊಂದು ಇ-3 ಕಿಣ್ವದಲ್ಲಿ ಗುರುತಿಸುವ ಭಾಗಕ್ಕೆ ಎಫ್.ಬಿ.ಎಕ್ಸ್.ಡಬ್ಲ್ಯು.-7 ಎಂದು ಹೆಸರು. ಇದು ಸೈಕ್ಲಿನ್-ಇ, ಮಿಕ್ ಮೊದಲಾದ, ಕೋಶವನ್ನು ಇಬ್ಭಾಗಕ್ಕೆ ತಳ್ಳುವ ಪ್ರೋಟೀನುಗಳಿಗೆ ಮುದ್ರೆಯೊತ್ತುತ್ತದೆ. ಕರುಳಿನ ಕ್ಯಾನ್ಸರಿನಲ್ಲಿ ನೂರಕ್ಕೆ ಹತ್ತಕ್ಕೂ ತುಸು ಹೆಚ್ಚು ಗಂತಿಗಳಲ್ಲಿ ಇದು ಕೆಟ್ಟಿರುತ್ತದೆ. ಕೆಡುವ ರೀತಿಯು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರ. ಗುರುತಿಸುವ ಭಾಗದಲ್ಲಿ ಒಂದು ಬಟ್ಟಲಿನಂಥ ತಗ್ಗು; ಅದರ ಸುತ್ತ ಆರ್ಜಿನೀನ್ ಎಂಬ ಅಮೈನೋ ಆಮ್ಲಗಳು. ಆರ್ಜಿನೀನಿನದು ಧನ ವಿದ್ಯುದಂಶ. ಹಿಡಿಯಬೇಕಾದ ಪ್ರೋಟೀನಿನ ಫಾಸ್ಫೇಟಿನದು ಋಣ ವಿದ್ಯುದಂಶ. ಕೂಲಂಬನ ನಿಯಮದಂತೆ ಎರಡೂ ಆಕರ್ಷಿಸಿ ಹಿಡಿತ ಬಿಗಿಯಾಗುತ್ತದೆ. ರೋಗಿಗಳಲ್ಲಿ ಪದೇ ಪದೇ ಕಾಣುವ ವ್ಯತ್ಯಾಸವೆಂದರೆ 465ನೆಯ ಅಥವಾ 479ನೆಯ ಸ್ಥಾನದ ಆರ್ಜಿನೀನ್ ಹೋಗಿ ಬೇರೊಂದು ಅಮೈನೋ ಆಮ್ಲ ಬರುವುದು. ನೂರಾರು ಮಣಿಗಳ ಸರದಲ್ಲಿ ಒಂದು ಮಣಿಯ ವಿದ್ಯುದಂಶ ತಪ್ಪಿತು; ಹಿಡಿತ ಸಡಿಲವಾಯಿತು; ಬೆಳವಣಿಗೆಯ ಪ್ರೋಟೀನುಗಳು ಉಳಿದುಕೊಂಡವು.

ಇಷ್ಟನ್ನು ಓದಿದವರು, ಮುದ್ರೆಯೊತ್ತುವ ಕಿಣ್ವಗಳೆಲ್ಲ ಕ್ಯಾನ್ಸರಿನ ವೈರಿಗಳೆಂದು ತೀರ್ಮಾನಿಸಬಾರದು. ಎಂ.ಡಿ.ಎಂ.-2 ಎಂಬ ಇ-3 ಕಿಣ್ವವು ಪಿ-53 ಎಂಬ ಪ್ರೋಟೀನಿಗೆ ಮುದ್ರೆಯೊತ್ತುತ್ತದೆ. ಪಿ-53 ಎಂದರೆ ಡಿ.ಎನ್.ಎ. ಕೆಟ್ಟ ಕೋಶವನ್ನು ತಡೆದು ನಿಲ್ಲಿಸುವ ಕಾವಲುಗಾರ. ಎಂ.ಡಿ.ಎಂ.-2 ಅತಿಯಾದರೆ ಕಾವಲುಗಾರನೇ ಇಲ್ಲವಾಗುತ್ತಾನೆ. ಬೆಳವಣಿಗೆಯ ಪ್ರೋಟೀನನ್ನು ಕೆಡವುವ ಕಿಣ್ವ ಬೆಳವಣಿಗೆಗೆ ತಡೆ. ತಡೆಯನ್ನೇ ಕೆಡವುವ ಕಿಣ್ವ ಬೆಳವಣಿಗೆಗೆ ನೆರವು. ಆದುದರಿಂದ ಯಾವ ಇ-3 ಕಿಣ್ವವನ್ನು ಕುರಿತು ಕೇಳಿದರೂ, ‘ಅದು ಯಾರಿಗೆ ಮುದ್ರೆಯೊತ್ತುತ್ತದೆ?’ ಎಂದು ಮೊದಲು ಕೇಳಬೇಕು.

ಎಲ್ಲ ರೋಗಿಗಳಿಗೂ ಒಂದೇ ಚಿತ್ರವನ್ನು ಹೊಂದಿಸುವುದೂ ಸರಿಯಲ್ಲ. ಹೈದರಾಬಾದಿನ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿರ್ಣಯ ಕೇಂದ್ರದ ವಿಜ್ಞಾನಿಗಳು ಭಾರತೀಯ ರೋಗಿಗಳ ಗಂತಿಗಳನ್ನು ಪರೀಕ್ಷಿಸಿ, ಎಳೆಯ ವಯಸ್ಸಿನಲ್ಲಿ ಬರುವ ಕ್ಯಾನ್ಸರುಗಳಲ್ಲಿ ಅನೇಕವು ಬೀಟಾ-ಕೆಟೆನಿನ್ ತುಂಬಿಕೊಂಡ ಲಕ್ಷಣವನ್ನು ತೋರಿಸುವುದಿಲ್ಲವೆಂದು ವರದಿಮಾಡಿದ್ದಾರೆ. ಪಶ್ಚಿಮದ ಪುಸ್ತಕಗಳಲ್ಲಿ ಬರೆದುದು ನಮ್ಮ ರೋಗಿಗಳಲ್ಲಿಯೂ ಹಾಗೆಯೇ ಇರುವುದೆಂದು ಊಹಿಸದೆ, ಇಲ್ಲಿಯೇ ನೋಡಿ ತಿಳಿಯಬೇಕಾದುದು ಬಹಳವಿದೆ.

ನಮ್ಮ ನೆರೆಯ ಪ್ರಯೋಗಶಾಲೆಗಳು

ಇಂಥ ಸಂಶೋಧನೆಗೆ ವಿದೇಶಕ್ಕೇ ಹೋಗಬೇಕೆಂದಿಲ್ಲ. ಯಶವಂತಪುರದ ಮಗ್ಗುಲಿಗಿರುವ ಭಾರತೀಯ ವಿಜ್ಞಾನ ಮಂದಿರದಲ್ಲಿ ಜಿ. ಎನ್. ರಾಮಚಂದ್ರನ್ ಅವರು 1970ರ ದಶಕದ ಆರಂಭದಲ್ಲಿ ಅಣು ಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಪ್ರೋಟೀನಿನ ಸರ ಯಾವ ಯಾವ ಕೋನಗಳಲ್ಲಿ ಬಾಗಬಲ್ಲದೆಂದು ತೋರಿಸುವ, 1963ರಲ್ಲಿ ಮದರಾಸಿನಿಂದ ಪ್ರಕಟವಾದ ಅವರ ನಕ್ಷೆಯನ್ನು ಜಗತ್ತಿನ ಪಠ್ಯಪುಸ್ತಕಗಳೆಲ್ಲ ಇಂದಿಗೂ ಮುದ್ರಿಸುತ್ತವೆ. ರಾಮಚಂದ್ರನ್ ಭೌತವಿಜ್ಞಾನಿ, ಪ್ರೋಟೀನಿನ ಅಧ್ಯಯನ ನಮ್ಮ ಶಾಸ್ತ್ರಕ್ಕೂ ಸೇರಿದುದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವಿದೆ. ಅಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಕೆಲಸ ಮಾಡುತ್ತಿದೆ. ಈ ಕೇಂದ್ರದಲ್ಲಿ ರಣಬೀರ್ ದಾಸ್ ಅವರ ತಂಡವು ಯುಬಿಕ್ವಿಟಿನ್ ಮತ್ತು ಅದರ ಬಂಧುಗಳಾದ ಪ್ರೋಟೀನುಗಳು ಹೇಗೆ ಬಳುಕುತ್ತವೆ, ಕಿಣ್ವಗಳೊಡನೆ ಹೇಗೆ ಕೂಡುತ್ತವೆ ಎಂಬುದನ್ನು ಎನ್.ಎಂ.ಆರ್. ಉಪಕರಣದಿಂದ ಅಧ್ಯಯನ ಮಾಡುತ್ತಿದೆ. ಈ ಉಪಕರಣದ ತತ್ತ್ವ ಸರಳ. ಹೈಡ್ರೋಜನ್ ಮೊದಲಾದ ಕೆಲವು ಪರಮಾಣುಗಳ ಬೀಜಗಳು ಸೂಕ್ಷ್ಮ ಕಾಂತಗಳಂತೆ ವರ್ತಿಸುತ್ತವೆ. ಅವುಗಳನ್ನು 14.1 ಟೆಸ್ಲಾದಷ್ಟು ಪ್ರಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ ಹೈಡ್ರೋಜನ್ ಬೀಜಗಳು ಸೆಕೆಂಡಿಗೆ 60 ಕೋಟಿ ಆವೃತ್ತಿಗಳ ರೇಡಿಯೋ ಅಲೆಗಳಿಗೆ ಓಗೊಡುತ್ತವೆ. ನೆರೆಯ ಪರಮಾಣುಗಳು ಬದಲಾದರೆ ಈ ಆವೃತ್ತಿ ಕಿಂಚಿತ್ತು ಸರಿಯುತ್ತದೆ. ಆ ಸರಿತವನ್ನು ಅಳೆದು, ಪ್ರೋಟೀನಿನ ಯಾವ ಭಾಗವನ್ನು ಕಿಣ್ವ ಮುಟ್ಟಿತೆಂದು ಹೇಳಬಹುದು. ಇದಕ್ಕಾಗಿ ಪ್ರೋಟೀನುಗಳಲ್ಲಿ ಸಾಮಾನ್ಯವಾಗಿ ಸೇರಿಸುವುದು ನೈಟ್ರೋಜನ್-15ನ್ನು. ಶೋನ್‌ಹೈಮರನು ಇಲಿಗಳಿಗೆ ತಿನ್ನಿಸಿದ ಭಾರವಾದ ನೈಟ್ರೋಜನ್ ಇದೇ.

ಅದೇ ರಸ್ತೆಯಲ್ಲಿ ಇನ್ನೂ ಮುಂದೆ, ವಿಮಾನ ನಿಲ್ದಾಣದ ಸಮೀಪದ ಕನ್ನಮಂಗಲದ ಬಳಿ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ರೋಗಮಾಹಿತಿ ಕೇಂದ್ರವಿದೆ. ದೇಶದ ಕ್ಯಾನ್ಸರ್ ನೋಂದಣಿಗಳ ಲೆಕ್ಕವೆಲ್ಲ ಕೂಡಿಬರುವುದು ಇಲ್ಲಿಗೆ. ಈ ನೋಂದಣಿ ಕಾರ್ಯ 1982ರಲ್ಲಿ ತೊಡಗಿದಾಗ ಜನಸಂಖ್ಯೆಯನ್ನು ಆಧರಿಸಿ ಎಣಿಕೆ ಆರಂಭಿಸಿದ ಮೂರು ನಗರಗಳಲ್ಲಿ ಬೆಂಗಳೂರೂ ಒಂದು. ಕಿದ್ವಾಯಿ ಸ್ಮಾರಕ ಸಂಸ್ಥೆ ಆ ಹೊಣೆಯನ್ನು ಹೊತ್ತಿತು. ಅಣುವಿನ ಬಳುಕನ್ನು ಅಳೆಯುವುದೂ ಊರಿನ ರೋಗಿಗಳನ್ನು ಎಣಿಸುವುದೂ ಬೇರೆ ಬೇರೆ ಕೆಲಸಗಳಾದರೂ ಒಂದಿಲ್ಲದೆ ಒಂದು ಅಪೂರ್ಣ.

ಮದ್ದಿನ ಮಾರ್ಗ

ತೂಬಿನ ರಹಸ್ಯ ತಿಳಿದ ಮೇಲೆ ಅದನ್ನು ಚಿಕಿತ್ಸೆಗೆ ಬಳಸಲು ಪ್ರಯತ್ನಗಳು ನಡೆದುದು ಸಹಜ. ಪ್ರೋಟಿಯಸೋಮ್ ಯಂತ್ರವನ್ನೇ ತಡೆಯುವ ಬೋರ್ಟೆಜೊಮಿಬ್ ಎಂಬ ಮದ್ದಿಗೆ 2003ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮಲ್ಟಿಪಲ್ ಮೈಲೋಮ ಎಂಬ, ಮೂಳೆಯ ಮಜ್ಜೆಯ ಕ್ಯಾನ್ಸರಿನಲ್ಲಿ ಅದು ಬಹಳ ಉಪಕಾರ ಮಾಡಿದೆ. ಆದರೆ ಕರುಳಿನ ಕ್ಯಾನ್ಸರಿನಲ್ಲಿ ಪ್ರಯೋಗಿಸಿದಾಗ ಫಲ ದೊರೆಯಲಿಲ್ಲ. ನಮ್ಮ ಲೆಕ್ಕದಿಂದ ನೋಡಿದರೆ, ಎ.ಪಿ.ಸಿ. ಕೆಟ್ಟ ಕೋಶದಲ್ಲಿ ಮೊದಲೇ ಕಟ್ಟಿರುವ ತೂಬಿನ ಜೊತೆಗೆ ಉಳಿದ ತೂಬುಗಳನ್ನೂ ಕಟ್ಟುವುದು ಮೂಲದೋಷಕ್ಕೆ ಪರಿಹಾರವಾಗಲಾರದು. ಅಲ್ಲಿ ಬೇಕಾದುದು ಬೀಟಾ-ಕೆಟೆನಿನ್ನಿಗೆ ಮತ್ತೆ ಮುದ್ರೆಬೀಳುವಂತೆ ಮಾಡುವ ಉಪಾಯ.

ಇಂಥ ಉಪಾಯಕ್ಕೆ ದಾರಿ ತೋರಿದುದು ಹಿಂದೆ ದುಷ್ಕೀರ್ತಿ ಪಡೆದಿದ್ದ ಥ್ಯಾಲಿಡೊಮೈಡ್. 1950ರ ದಶಕದ ಕೊನೆಯಲ್ಲಿ ಗರ್ಭಿಣಿಯರು ಇದನ್ನು ಸೇವಿಸಿದುದರಿಂದ ಯೂರೋಪಿನಲ್ಲಿ ಸಾವಿರಾರು ಶಿಶುಗಳು ಅಂಗವಿಕಲರಾಗಿ ಹುಟ್ಟಿದವು. ಈ ಮದ್ದು ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟುತ್ತದೆಂದು 2010ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಸೆರೆಬ್ಲಾನ್ ಒಂದು ಇ-3 ಕಿಣ್ವದ ಗುರುತಿಸುವ ಭಾಗ. ಮದ್ದು ಅಂಟಿದೊಡನೆ ಆ ಕಿಣ್ವವು ತನಗೆ ಎಂದೂ ಸಂಬಂಧವಿಲ್ಲದ ಪ್ರೋಟೀನುಗಳಿಗೆ ಮುದ್ರೆಯೊತ್ತತೊಡಗುತ್ತದೆ. ನೀರುಗಂಟಿಗೆ ಹೊಸ ತೂಬನ್ನು ತೋರಿಸಬಹುದೆಂದಾಯಿತು. ಒಂದು ತುದಿಯಿಂದ ಇ-3 ಕಿಣ್ವವನ್ನೂ ಇನ್ನೊಂದು ತುದಿಯಿಂದ ಕೆಡವಬೇಕಾದ ಪ್ರೋಟೀನನ್ನೂ ಹಿಡಿಯುವ ಜೋಡಿ ಅಣುಗಳನ್ನು 2001ರಲ್ಲಿಯೇ ಅಮೆರಿಕದಲ್ಲಿ ರಚಿಸಿದ್ದರು. ಪ್ರೋಟ್ಯಾಕ್ ಎಂದು ಕರೆಯುವ ಈ ಬಗೆಯ ಅಣುಗಳು ಇತರ ಕ್ಯಾನ್ಸರುಗಳಲ್ಲಿ ಮನುಷ್ಯರ ಮೇಲಿನ ಪರೀಕ್ಷೆಗಳವರೆಗೆ ಬಂದಿವೆ. ಆದರೂ ತೊಡಕು ದೊಡ್ಡದು. ಆರೋಗ್ಯವಂತ ಕರುಳಿನ ನವೀಕರಣಕ್ಕೂ ಬೀಟಾ-ಕೆಟೆನಿನ್ ಬೇಕು. ಅದನ್ನು ಪೂರ್ತಿ ಬರಿದುಮಾಡಿದರೆ ರೋಗಕ್ಕಿಂತ ಮೊದಲು ಕರುಳೇ ಸೊರಗೀತು. ಮಟ್ಟವನ್ನು ತಗ್ಗಿಸಬೇಕು, ಕೆರೆಯನ್ನು ಒಣಗಿಸಬಾರದು.

ರೋಗಿಯ ಮಟ್ಟಿಗೆ

ಈ ಮದ್ದುಗಳು ಕೈಗೆ ಬರುವವರೆಗೆ ನಮ್ಮ ಕೈಯಲ್ಲಿ ಏನೂ ಇಲ್ಲವೆಂದು ತಿಳಿಯಬಾರದು. ಒಂದು ಕೆಟ್ಟ ಜೀನಿನಿಂದ ಪಾಲಿಪ್ ಹುಟ್ಟೀತೇ ಹೊರತು ಕ್ಯಾನ್ಸರಾಗಲು ಅದರ ಮೇಲೆ ಇನ್ನೂ ಕೆಲವು ಜೀನುಗಳು ಕೆಡಬೇಕು. ಸಾಮಾನ್ಯವಾಗಿ ಇದಕ್ಕೆ ಹತ್ತು ವರ್ಷಗಳಾದರೂ ಹಿಡಿಯುತ್ತವೆ. ಈ ಅವಧಿಯಲ್ಲಿ ಕೊಲೊನೋಸ್ಕೋಪ್ ಎಂಬ ನಳಿಕೆಯಿಂದ ನೋಡಿ, ಪಾಲಿಪನ್ನು ಅಲ್ಲಿಯೇ ಕತ್ತರಿಸಿ ತೆಗೆಯಬಹುದು. ಆಗ ಬರಲಿದ್ದ ಕ್ಯಾನ್ಸರು ಬಾರದೆಯೇ ಹೋಗುತ್ತದೆ.

ಮಲದಲ್ಲಿ ರಕ್ತ ಬೀಳುವುದು, ಮಲವಿಸರ್ಜನೆಯ ರೀತಿ ವಾರಗಟ್ಟಲೆ ಬದಲಾಗಿರುವುದು, ಕಾರಣ ತಿಳಿಯದ ರಕ್ತಹೀನತೆ, ತೂಕ ಇಳಿಯುವುದು ಇವು ಗಮನಿಸಬೇಕಾದ ಚಿಹ್ನೆಗಳು. ನಮ್ಮಲ್ಲಿ ರಕ್ತ ಕಂಡೊಡನೆ ಮೂಲವ್ಯಾಧಿಯೆಂದು ನಿಶ್ಚಯಿಸಿ ಮನೆಮದ್ದಿನಲ್ಲಿ ತಿಂಗಳುಗಳನ್ನು ಕಳೆಯುವವರು ಬಹಳ. ಮನೆಯಲ್ಲಿ ಹೇಳಲು ನಾಚಿ ಸುಮ್ಮನಿರುವ ತರುಣರೂ ಉಂಟು. ಅನೇಕವೇಳೆ ಅದು ಮೂಲವ್ಯಾಧಿಯೇ ಆಗಿರಬಹುದು. ಆದರೆ ಆ ನಿರ್ಣಯವನ್ನು ಪರೀಕ್ಷಿಸಿ ಹೇಳಬೇಕಾದವರು ವೈದ್ಯರು. ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ಕ್ಯಾನ್ಸರ್ ಬಂದಿದ್ದರೆ, ತಮಗೆ ಯಾವ ತೊಂದರೆಯಿಲ್ಲದಿದ್ದರೂ ಯಾವ ವಯಸ್ಸಿನಿಂದ ಪರೀಕ್ಷೆ ಬೇಕೆಂದು ವೈದ್ಯರನ್ನು ಕೇಳುವುದು ಒಳ್ಳೆಯದು.

ಎ.ಪಿ.ಸಿ. ಕೆಟ್ಟ ಕೋಶದಲ್ಲಿ ಮತ್ತೆ ಮುದ್ರೆ ಬೀಳುವಂತೆ, ಆದರೆ ನೆರೆಯ ಒಳ್ಳೆಯ ಕೋಶಕ್ಕೆ ಹಾನಿಯಾಗದಂತೆ ಮಾಡುವುದು ಹೇಗೆಂಬ ಪ್ರಶ್ನೆಗೆ ಇನ್ನೂ ಉತ್ತರ ದೊರೆತಿಲ್ಲ. ಅದಕ್ಕೆ ಜೀವವಿಜ್ಞಾನವೂ ಬೇಕು, ರಸಾಯನವಿಜ್ಞಾನವೂ ಬೇಕು, ವಿದ್ಯುದಂಶ ಮತ್ತು ಅರ್ಧಾಯುಗಳ ಲೆಕ್ಕವೂ ಬೇಕು. ಈ ಪುಟಗಳನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಆ ಕೆಲಸಕ್ಕೆ ಕೈಹಾಕುವರೆಂದು ನಾವು ಹಾರೈಸುತ್ತೇವೆ.